ಮೈಕ್ ಬಂದ್ ಆದ ಮೇಲೆ

ಮೊನ್ನೆ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವವ ಬಂದಿದ್ದ. ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದ ಹಾಗೆ ಜಗಲಿಯೆಲ್ಲ ಆ್ಯಸಿಡ್ಡಿನ ವಾಸನೆ. ಹುಳಿ ಹುಳಿಯಾಗಿ ಮೂಗಿನೊಳಗೆ ಕಚ್ಚುವಂಥದ್ದು. ಬೇರೆಯವರಾದರೆ ಮುಖ ಸಿಂಡರಿಸಿ ಒಳಗೆ ಹೋಗುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಕೂತೆ.

"ಅಜ್ಜಿ, ಸೀರೆಗೆ ಬಿದ್ರೆ ತೂತಾಗ್ತದೆ. ದೂರ ಕೂತ್ಕೊಳ್ಳಿ" ಅಂದ ಅವನು.

ನನಗೆ ನಗು ಬಂತು. ಆ್ಯಸಿಡ್ ಬಿದ್ದು ತೂತಾದ ಸೀರೆ ಉಟ್ಟುಕೊಂಡೇ ಪುತ್ತೂರು, ಕಡಬ, ಸುಳ್ಯ ಅಂತ ಊರೂರು ತಿರುಗಿದವಳು ನಾನು. ಜೀಪಿನ ಹಿಂದಿನ ಸೀಟಿನಲ್ಲಿ, ಕಾಲ ಬುಡದಲ್ಲೇ ಆ ಬ್ಯಾಟರಿ ಇರುತ್ತಿತ್ತು. ಬಿಸಿಲಿಗೆ ಕಾದ ರೆಕ್ಸಿನ್ನು, ಊರೂರಿಗೆ ಹಂಚುವ ಹೊಸ ನೋಟೀಸುಗಳ ಶಾಯಿ, ಈ ಆ್ಯಸಿಡ್ಡು. ಮೂರೂ ಸೇರಿದರೆ ಮೈಕ್ ಮಾಷ್ಟ್ರು ಎದುರಿಗೆ ಬಂದು ನಿಂತ ಹಾಗೆಯೇ…

ಶಾಲೆಯಲ್ಲಿ ಒಂದು ದಿನವೂ ಪಾಠ ಮಾಡಿದವರಲ್ಲ ಅವರು. ಟೆಂಟ್ ಟಾಕೀಸಿನ ಸಿನಿಮಾ ಇರಲಿ, ನಾಟಕ ಇರಲಿ, ಸರ್ಕಸ್ಸು ಇರಲಿ, ಜೀಪಿನ ಮೇಲೆ ಮೈಕಿನ ಎರಡು ಹಾರ್ನ್ ಕಟ್ಟಿಕೊಂಡು ಊರಿಗೆಲ್ಲ ಸಾರಿ ಬರುವುದು ಅವರ ಕಸುಬು. ಆದರೂ ಎಲ್ಲರಿಗೂ ಅವರು ಮಾಷ್ಟ್ರೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿಕಾಂ ಮುಗಿಸಿ ಕಾಣಿಯೂರಿನ ನಮ್ಮ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆ. ಮ್ಯಾಟಿನಿಗೆ ಹೆಂಗಸರು ಬರಬೇಕಾದರೆ ಹೆಂಗಸಿನ ಸ್ವರವೇ ಬೇಕು ಅಂತ ಟಾಕೀಸಿನವರಿಗೆ ಹೊಳೆದದ್ದು ಆಗ. ಕಾಲೇಜಿನ ನಾಟಕದಲ್ಲಿ ನನ್ನ ಗಂಟಲು ಕೇಳಿದ್ದ ಮಾಷ್ಟ್ರು ಸೀದಾ ಮನೆಗೆ ಬಂದರು. ಊರು ತುಂಬ ಕೂಗಿಕೊಂಡು ಹೋಗುವವಳನ್ನು ಯಾರು ಮದುವೆ ಆಗ್ತಾರೆ ಅಂತ ಅಮ್ಮ ರಂಪ ಮಾಡಿದಳು. ಸುಳ್ಯಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಮಾತ್ರ ನನ್ನ ಪರ. "ಅವಳಾದ್ರೂ ನಾಲ್ಕು ಊರು ನೋಡ್ಲಿ, ಬಿಡಮ್ಮ" ಅಂದಳು.

"ಬಿಕಾಂ ಆಯ್ತಲ್ಲ, ಇನ್ನು ನನ್ನ ಜೀಪಲ್ಲಿ ಎಂಕಾಂ. ಎರಡು ವರ್ಷದ ಕೋರ್ಸು" ಅಂದರು ಮಾಷ್ಟ್ರು. ಅವತ್ತಿನಿಂದ ನನ್ನ ಹೆಸರೇ ಬಿಕಾಂ ಅಂತಾಯಿತು.

ಈಗ ನಮ್ಮ ಅಕ್ಕನ ಮೊಮ್ಮಗಳು ಮಂಗಳೂರಿನಲ್ಲಿ ಮನರಂಜನಾ ಉದ್ಯಮ ಅಂತ ಅದೇನೋ ಎಂಬಿಎ ಓದುತ್ತಿದ್ದಾಳೆ. ರಜೆಗೆ ನನ್ನಲ್ಲಿಗೆ ಬಂದಿದ್ದಾಳೆ. ಕೋರ್ಸಿನಲ್ಲಿ ಕಲಿತದ್ದೇನು ಅಂತ ಪ್ರಬಂಧ ಬರೆಯಬೇಕಂತೆ. ಲ್ಯಾಪ್‌ಟಾಪ್ ಬಿಡಿಸಿ ಬೆಳಗ್ಗಿನಿಂದ ಮುಖ ಊದಿಸಿಕೊಂಡು ಕೂತಿದ್ದಳು. ಆ ಕೋರ್ಸು ನಾನೂ ಮಾಡಿದ್ದೇನೆ ಅಂದದ್ದಕ್ಕೆ ಪಕಪಕ ನಕ್ಕಳು. ನಗಲಿ. ಅವಳ ಕಾಲೇಜಿನಲ್ಲಿ ಪ್ರೇಕ್ಷಕರನ್ನು ತಿಳಿದುಕೊಳ್ಳುವುದು ಹೇಗೆ ಅಂತ ಒಂದು ಇಡೀ ಪುಸ್ತಕ ಉಂಟಂತೆ. ನಮ್ಮ ಮಾಷ್ಟ್ರಿಗೆ ಒಂದು ಸ್ವಿಚ್ಚು ಸಾಕಿತ್ತು.

ನಮ್ಮ ಕಡೆಯ ಮನೆಗಳು ರಸ್ತೆಗೆ ಕಾಣುವುದಿಲ್ಲ. ಒಂದು ಗುಡ್ಡದ ಆಚೆ, ಇನ್ನೊಂದು ನೀರಿನ ತೋಡು ದಾಟಿ ಕೆಳಗೆ. ಜೀಪಿನಲ್ಲಿ ಕೂತು ಮೈಕ್ ಹಿಡಿದರೆ ಎದುರಿಗೆ ಬರೀ ಮರಗಳು. ಮೊದಮೊದಲು ನನಗೆ ಹುಚ್ಚು ಹಿಡಿದವಳ ಹಾಗೆ ಕಾಡಿಗೆ ಕೂಗುತ್ತಿದ್ದೇನೆ ಅನಿಸುತ್ತಿತ್ತು. "ಕಾಣುದಿಲ್ಲ ಅಂತ ಇಲ್ಲ ಅಂದ್ಕೊಳ್ಬೇಡ ಮಾರಾಯ್ತಿ" ಅನ್ನುತ್ತಿದ್ದರು. "ಒಲೆ ಎದುರು ಕೂತವಳಿಗೆ ಕೇಳ್ಬೇಕು. ಮೊದ್ಲು ಊರು, ಮತ್ತೆ ಹೊತ್ತು. ಹೀರೋ ಹೀರೋಯಿನ್ ಎಲ್ಲ ಕೊನೆಗೆ. ಫೈಟಿಂಗ್ ಇಲ್ಲದ ಪಿಕ್ಚರಿಗೆ ಫೈಟಿಂಗ್ ಉಂಟು ಅಂತ ಹೇಳುದು ಬೇಡ." ತಿರುವಿಗೊಮ್ಮೆ ಜೀಪು ನಿಲ್ಲಿಸಿ ಒಂದು ವಾಕ್ಯ ಹೇಳಿ ಸುಮ್ಮನಾಗಬೇಕು. ಸ್ವರ ಗುಡ್ಡಕ್ಕೆ ಬಡಿದು ವಾಪಸು ಬಂದ ಮೇಲೆಯೇ ಮುಂದಿನದು.

ಸಾವಿನ ಮನೆಯ ಎದುರು ಮೈಕ್ ಬಂದ್ ಮಾಡಬೇಕು. ಮನೆಯ ಹಿಂದಿನ ತಿರುವಿನಿಂದ ಮುಂದಿನ ತಿರುವಿನವರೆಗೆ ಒಂದು ಚಕಾರ ಇಲ್ಲ. ಇದು ಎಲ್ಲ ಅನೌನ್ಸರುಗಳೂ ಪಾಲಿಸುತ್ತಿದ್ದ ಮರ್ಯಾದೆ. ಇದರಲ್ಲಿ ಹೆದರುವಂಥದ್ದು ಎಂತದೂ ಇಲ್ಲ.

ಹೆದರಿಕೆ ಶುರುವಾದದ್ದು ನೆಲ್ಯಾಡಿಯ ಹತ್ತಿರ. ಕೇರಳದಿಂದ ಬಂದು ರಬ್ಬರ್ ಹಾಕಿದ್ದವರ ಮನೆ. ಅಂಗಳದಲ್ಲಿ ರಬ್ಬರ್ ಶೀಟುಗಳು ನೇತಾಡುತ್ತಿದ್ದವು. ಯಜಮಾನರು ಗೇಟಿನಲ್ಲಿ ನಿಂತು ನಮಗೆ ಕೈ ಎತ್ತಿದರು. ನಾನು ವಾಕ್ಯದ ನಡುವಿನಲ್ಲಿದ್ದೆ. ಮಾಷ್ಟ್ರ ಕೈ ಬಂತು, ಟಿಕ್ ಅಂತ ಸ್ವಿಚ್ಚು ಆಫ್ ಆಯಿತು. ಯಾರಾದರೂ ತೀರಿಕೊಂಡಿದ್ದಾರಾ ಅಂತ ಕೇಳಿದೆ. "ಇಲ್ಲ" ಅಂದರು, ಅಷ್ಟೆ. ಮುಂದಿನ ವಾರ ಹೋಗುವಾಗ ಅದೇ ಗೇಟಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಕೈ ಎತ್ತಿದವರೇ ಹೋಗಿದ್ದರು.

ಕಾಕತಾಳೀಯ ಅಂದುಕೊಂಡೆ. ಆಮೇಲೆ ಕಬಕದ ಹತ್ತಿರ ಒಂದು ಮನೆ. ಹೆಂಗಸರು ನಗುತ್ತ ಹಪ್ಪಳ ಒಣಗಿಸುತ್ತಿದ್ದರು. ಟಿಕ್. ಹದಿನೈದು ದಿನ ಬಿಟ್ಟು ಹೋದರೆ ಅಂಗಳದಲ್ಲಿ ಹಪ್ಪಳದ ಚಾಪೆ ಇಲ್ಲ, ಜಗಲಿ ತುಂಬ ಸತ್ತವರ ಬೊಜ್ಜದ ಊಟಕ್ಕೆ ಬಂದ ನೆಂಟರು. ಅಲ್ಲಿಂದ ನನ್ನ ನಿದ್ದೆ ಹಾಳಾಯಿತು. ಅವರ ಬೆರಳು ಸ್ವಿಚ್ಚಿನ ಕಡೆ ಹೋದರೆ ಸಾಕು, ನಾನು ಆ ಅಂಗಳದಲ್ಲಿ ಇದ್ದವರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದೆ. ಡ್ರೈವರ್ ಕಾಕನಲ್ಲಿ ಕೇಳಿದರೆ "ಅದೆಲ್ಲ ನಮಗೆ ಎಂತಕ್ಕೆ ಮೋಳೆ" ಅಂತ ಮಗಳನ್ನು ಕರೆದ ಹಾಗೆ ಹೇಳಿ ಗೇರು ಬದಲಾಯಿಸುತ್ತಿದ್ದರು.

ಕೊಲ್ಲಮೊಗ್ರಿನ ದಾರಿಯದ್ದು ಇನ್ನೂ ವಿಚಿತ್ರ. ಕಾಡು ಶುರುವಾಗುವ ಜಾಗ. ಮನೆ ಬಿಡಿ, ಒಂದು ಬೇಲಿಯೂ ಕಾಣುತ್ತಿರಲಿಲ್ಲ. ಮಟಮಟ ಮಧ್ಯಾಹ್ನ. ಮಾಷ್ಟ್ರು ಒಂದು ವಾಕ್ಯ ಹೇಳಿ ಕಾದರು. ಮತ್ತೆ ಮೈಕ್ ಬಂದ್ ಮಾಡಿದರು. ಹಕ್ಕಿ ಸಹ ಕೂಗುತ್ತಿರಲಿಲ್ಲ.

"ಇಲ್ಲಿ ಯಾರಿದ್ದಾರೆ ಮಾಷ್ಟ್ರೇ?"

"ಸ್ವರ ವಾಪಸು ಬರ್ಲಿಲ್ಲ" ಅಂದರು.

ಎದುರಿಗೇ ಗುಡ್ಡ ಇತ್ತು. ಬರಲೇಬೇಕಿತ್ತು. ನಾನೂ ಕಿವಿಗೊಟ್ಟು ಕೂತಿದ್ದೆನಲ್ಲ, ನನಗೂ ಕೇಳಿಸಿರಲಿಲ್ಲ…

ಆ ಬೇಸಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಮ್ಮ ಮನೆ ಮಾತ್ರ ರಸ್ತೆಗೆ ಕಾಣುತ್ತಿತ್ತು. ನಡುವೆ ಕೊಯ್ಲಾದ ಗದ್ದೆ, ಆಚೆ ದಿಬ್ಬದ ಮೇಲೆ ಅಂಗಳ. ಜೀಪು ಬಂತೆಂದರೆ ಹೊಟ್ಟೆ ಹೊತ್ತುಕೊಂಡು ಅಂಗಳದ ತುದಿಗೆ ಬಂದು ಕೈ ಬೀಸುತ್ತಿದ್ದಳು. ನಾನು "ಕಾಣಿಯೂರಿನ ಅಕ್ಕಂದಿರೇ" ಅಂತ ಅವಳಿಗೆಂದೇ ಒಂದು ಶಬ್ದ ಸೇರಿಸುತ್ತಿದ್ದೆ. ಅದು ನಮ್ಮಿಬ್ಬರ ಗುಟ್ಟು.

ಆ ದಿನವೂ ಬಂದಳು. ಅಲ್ಲಿ ಇಳಿಜಾರು. ಪೆಟ್ರೋಲು ಉಳಿಸಲಿಕ್ಕೆ ಕಾಕ ಇಂಜಿನ್ ಬಂದ್ ಮಾಡಿ ಜೀಪನ್ನು ಸುಮ್ಮನೆ ಜಾರಲು ಬಿಡುತ್ತಿದ್ದರು. ತಿರುವಿನಲ್ಲಿ ನಾನು "ಕಾಣಿಯೂರಿನ ಅಕ್ಕ…" ಅಂದೆ. ಟಿಕ್.

ಅಯ್ಯೋ ದೇವರೇ! "ಮಾಷ್ಟ್ರೇ, ಅದು ನಮ್ಮ ಮನೆ! ಅದು ನಮ್ಮಕ್ಕ!" ಅಂತ ಸ್ವಿಚ್ಚಿಗೆ ಕೈ ಹಾಕಿದೆ. ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಕೂಗ್ಬೇಡ. ನೋಡು."

ಜೀಪು ಸದ್ದಿಲ್ಲದೆ ಜಾರಿ ಮೋರಿಯವರೆಗೆ ಬಂದಿತ್ತು. ಈಗ ನಾವು ಅಕ್ಕನಿಗೆ ನೇರ ಎದುರು, ಬಿಸಿಲಿನಲ್ಲಿ, ಮರೆಯೇ ಇಲ್ಲದ ಜಾಗದಲ್ಲಿ ನಿಂತಿದ್ದೆವು. ಅಕ್ಕ ನಮ್ಮ ಕಡೆ ನೋಡುತ್ತಿರಲಿಲ್ಲ. ಹಿಂದಿನ ತಿರುವಿನ ಕಡೆ, ಸ್ವರ ಇದ್ದ ಜಾಗಕ್ಕೆ, ನಗುತ್ತ ಕೈ ಬೀಸುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಖಾಲಿ ರಸ್ತೆಗೆ ಬೀಸುತ್ತಲೇ ಇದ್ದಳು. ಮತ್ತೆ ಕೈ ನಿಧಾನವಾಯಿತು. ತಲೆ ವಾಲಿಸಿ ನಮ್ಮ ಸದ್ದಿಗಾಗಿ ಹುಡುಕಿದಳು. ಅವಳ ನೋಟ ನಮ್ಮ ಮೇಲೆಯೇ ಹಾದು ಹೋಯಿತು, ನಾವು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಆ ಮುಖ ನನಗೆ ಇವತ್ತಿಗೂ ಮರೆತುಹೋಗಿಲ್ಲ.

"ಅವಳಿಗೆ ಕಣ್ಣು ಕಾಣುದಿಲ್ಲ, ಬಿಕಾಂ" ಅಂದರು ಮಾಷ್ಟ್ರು.

ಗದ್ದೆ ದಾಟಿ ಓಡಿದೆ. ಎರಡು ದಿನದಿಂದ ತಲೆನೋವಂತೆ. ಕಣ್ಣೆದುರು ಮಂಜಂತೆ. ಬಸುರಿಯರಿಗೆ ಇದೆಲ್ಲ ಇರ್ತದಲ್ಲ ಅಂತ ಹೇಳಿಕೊಂಡಿರಲಿಲ್ಲ. ಪಾದ ಊದಿ ಚಪ್ಪಲಿ ಹತ್ತುತ್ತಿರಲಿಲ್ಲ. ಅದನ್ನು ನಾವೆಲ್ಲ ನೋಡಿದ್ದೆವು. ಅವಳ ಪಕ್ಕದ ಚಾಪೆಯಲ್ಲೇ ಮಲಗುವವಳು ನಾನು. ಎಂಥ ಕುರುಡಿ ನಾನು! ನೋಟೀಸಿನ ಕಟ್ಟುಗಳ ಮೇಲೆ ಕಂಬಳಿ ಹಾಸಿ ಅವಳನ್ನು ಜೀಪಿನಲ್ಲಿ ಮಲಗಿಸಿದೆವು. ಮೇಲೆ ಎರಡು ಹಾರ್ನ್ ಹಾಗೆಯೇ ಇದ್ದವು. ಪುತ್ತೂರಿನವರೆಗೆ ಮೈಕ್ ಬಂದ್. ಜೀಪು ನೋಡಿ ಮಕ್ಕಳು ನೋಟೀಸಿಗೆ ಓಡಿ ಬಂದವು, ಸದ್ದಿಲ್ಲದ್ದು ಕಂಡು ಹಿಂದೆ ಸರಿದವು.

ಬಿಪಿ ಏರಿ ತಲೆಗೆ ಹೋಗಿತ್ತು. ಇನ್ನು ಅರ್ಧ ದಿನ ಬಿಟ್ಟಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಅಂದರು ಡಾಕ್ಟರಮ್ಮ. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ಅಕ್ಕನ ಕಣ್ಣು ಎರಡು ವಾರದಲ್ಲಿ ಸರಿಯಾಯಿತು.

ಆಸ್ಪತ್ರೆಯ ವರಾಂಡದಲ್ಲಿ ನಾನು ಮಾಷ್ಟ್ರ ಕಾಲಿಗೆ ಬೀಳಲು ಹೋದೆ. ಬೈದರು. "ಮಾಟ ಮಂತ್ರ ಎಂತದೂ ಇಲ್ಲ ಮಾರಾಯ್ತಿ. ಸ್ವರ ನಿಂತ ಮೇಲೆ ಜನರನ್ನು ನೋಡುದು. ಮೈಕ್ ಇರುವಾಗ ಎಲ್ರೂ ಒಂದೇ ತರ ಕಾಣ್ತಾರೆ." ನೆಲ್ಯಾಡಿಯ ಯಜಮಾನರು ಕೈ ಎತ್ತುವಾಗ ಇನ್ನೊಂದು ಕೈಯಲ್ಲಿ ಗೇಟು ಹಿಡಿದುಕೊಂಡಿದ್ದರಂತೆ, ತುಟಿ ನೀಲಿಯಾಗಿತ್ತಂತೆ. ಕಬಕದ ಮನೆಯಲ್ಲಿ ಕಿಟಕಿಯ ಬದಿಗೆ ಕಾಯಿಲೆಯವರ ಮಂಚ ಎಳೆದು ಹಾಕಿದ್ದರಂತೆ. ಅಕ್ಕ ಅಂಗಳದ ತುದಿಗೆ ಕಾಲಲ್ಲಿ ನೆಲ ತಡಕುತ್ತ ಬಂದಿದ್ದಳಂತೆ. "ನೆಲ್ಯಾಡಿಯವ್ರಿಗೂ ಕಬಕದವ್ರಿಗೂ ದಿನ ಹತ್ರ ಬಂತು ಅಂತ ಗೊತ್ತಿತ್ತು. ಅಂಥಾ ಮನೆ ಎದುರು ಕುಣಿತ, ಫೈಟಿಂಗ್ ಅಂತ ಕೂಗುದು ಮರ್ಯಾದೆಯಾ?"

ಮನಸ್ಸು ಹಗುರಾಯಿತು. ಮತ್ತೆ ನೆನಪಾಗಿ ಕೇಳಿದೆ. "ಹಾಗಾದ್ರೆ ಕೊಲ್ಲಮೊಗ್ರಿನಲ್ಲಿ ಎಂತ ನೋಡಿದ್ರಿ? ಅಲ್ಲಿ ಮನೆಯೇ ಇರ್ಲಿಲ್ಲ."

ಮಾಷ್ಟ್ರು ಬಾಗಿಲಿನ ಕಡೆ ನೋಡಿದರು. "ಮಗು ಅಳ್ತಾ ಉಂಟು. ಹೋಗು" ಅಂದರು. ಆಮೇಲೆ ಅದನ್ನು ಕೇಳಿದಾಗಲೆಲ್ಲ ಹಾರ್ನಿನ ವಯರು ಸರಿಮಾಡಲು ಎದ್ದು ಹೋಗುತ್ತಿದ್ದರು.

ಮಾಷ್ಟ್ರ ಸ್ವಂತ ಮನೆ ಇದ್ದದ್ದು ಕಬಕದಿಂದ ವಿಟ್ಲದ ರಸ್ತೆಯಲ್ಲಿ. ಹೆಂಡತಿ ಆ ಮನೆಯಲ್ಲೇ ತೀರಿಕೊಂಡು ಬಹಳ ವರ್ಷ ಆಗಿತ್ತು. ಮಕ್ಕಳಿಲ್ಲ. ಹಗಲಿಡೀ ಬೀಗ. ಆದರೂ ಅದರ ಎದುರು ಜೀಪು ನಿಲ್ಲಿಸಿ, ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಬೇರೆಲ್ಲೂ ಇಲ್ಲದ ಗೌರವದಿಂದ ಇಡೀ ಅನೌನ್ಸ್‌ಮೆಂಟ್ ಹೇಳುತ್ತಿದ್ದರು. "ಸ್ತ್ರೀಯರಿಗೆ ಪ್ರತ್ಯೇಕ ಆಸನದ ವ್ಯವಸ್ಥೆ ಉಂಟು" ಅಂದು ಕಾಯುತ್ತಿದ್ದರು. ಆ ಮುಚ್ಚಿದ ಬಾಗಿಲಿನಿಂದ ಸ್ವರ ವಾಪಸು ಬರುತ್ತಿತ್ತು. ಆಗ ಅವರ ಮುಖದಲ್ಲಿ ಒಂದು ಸಮಾಧಾನ. ನಾನು ಮತ್ತು ಕಾಕ ಬೇರೆ ಕಡೆ ನೋಡುತ್ತ ಕೂರುತ್ತಿದ್ದೆವು.

ಎಂಬತ್ತರ ದಶಕ ಶುರುವಾಗಿತ್ತು. ಎರಡು ವರ್ಷದ ಕೋರ್ಸು ಮುಗಿದು ಮೂರನೆಯ ವರ್ಷ ನಡೆಯುತ್ತಿತ್ತು. ಒಂದು ದಿನ ವಿಟ್ಲದಿಂದ ವಾಪಸು ಬರುವಾಗ ನಾನೇ ಮಾತಾಡುತ್ತಿದ್ದೆ. ಅವರ ಮನೆಯ ಹಿಂದಿನ ತಿರುವು ಬಂತು. ಮೈಕ್ ಕೊಡಲು ಕೈ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಟಿಕ್.

ಮುಂದಿನ ತಿರುವಿನವರೆಗೆ ಸುಮ್ಮನೆ ಹೋದೆವು. ನಾನು ಬೀಗ ಹಾಕಿದ ಬಾಗಿಲನ್ನು ನೋಡಿದೆ. ಅಂಗಳವನ್ನು ನೋಡಿದೆ. ಪಕ್ಕದಲ್ಲಿ ಕೂತವರ ಮುಖ ನೋಡಲಿಲ್ಲ. ಬ್ಯಾಟರಿ ಇಳಿದಿರಬೇಕು, ಗಂಟಲು ನೋಯುತ್ತಿರಬೇಕು, ಏನೋ ಒಂದು ಅಂದುಕೊಂಡು ನೋಟೀಸು ಎಣಿಸುತ್ತ ಕೂತೆ. ಇಳಿಯುವಾಗ "ಬರ್ತೇನೆ ಮಾಷ್ಟ್ರೇ" ಅಂದೆ. ತಲೆ ಆಡಿಸಿದರು.

ಮೂರನೆಯ ದಿನ ಮಾಷ್ಟ್ರು ತಮ್ಮ ಮೈಕಿನ ಅಂಗಡಿ ತೆಗೆಯಲಿಲ್ಲ. ಕಾಕ ಮನೆಗೆ ಹೋಗಿ ನೋಡಿದರೆ ಆಗಿಹೋಗಿತ್ತು. ಬಹಳ ತಿಂಗಳಿಂದ ಎದೆನೋವಿಗೆ ಮಾತ್ರೆ ತಿನ್ನುತ್ತಿದ್ದರಂತೆ, ಚೀಟಿ ಅಂಗಿಯ ಕಿಸೆಯಲ್ಲಿ ಇತ್ತಂತೆ. ನನ್ನ ಪಕ್ಕದ ಸೀಟಿನಲ್ಲಿ, ದಿನಾ, ಅದೇ ಅಂಗಿ. ಅಂಥ ಮಾಷ್ಟ್ರ ಕೈಯಲ್ಲಿ ಕಲಿತು ಇದ್ದದ್ದೊಂದೇ ಪರೀಕ್ಷೆಯಲ್ಲಿ ನಾನು ಫೇಲಾದೆ. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ನಲ್ವತ್ತು ವರ್ಷದಿಂದ ನನಗೆ ಅದೇ ಕೊರೆಯುತ್ತಾ ಉಂಟು.

ಇದನ್ನೆಲ್ಲ ಬ್ಯಾಟರಿಯವ ಹೋದ ಮೇಲೆ ಮೊಮ್ಮಗಳಿಗೆ ಹೇಳಿದೆ. ಆ ದಿನ ಹುಟ್ಟಿದ ಮಗುವಿನ ಮಗಳು ಇವಳು. ಅಕ್ಕನೂ ತುಂಬ ವರ್ಷ ಬಾಳಿ ಹೋದಳು. ಹುಡುಗಿ ಟೈಪು ಮಾಡುವುದನ್ನು ಬಿಟ್ಟು ಕೇಳುತ್ತ ಕೂತಿದ್ದಳು.

ಅಷ್ಟರಲ್ಲಿ ರಸ್ತೆಯಲ್ಲಿ ಅನೌನ್ಸ್‌ಮೆಂಟಿನ ಆಟೋ ಬಂತು. ಯಾವುದೋ ಆರ್ಕೆಸ್ಟ್ರಾದ್ದು. ಈಗ ಮಾತಾಡುವವರು ಯಾರೂ ಇರುವುದಿಲ್ಲ, ರೆಕಾರ್ಡ್ ಮಾಡಿದ ಸ್ವರ. ಸಾವಿನ ಮನೆ, ಮದುವೆ ಮನೆ ಅಂತ ಇಲ್ಲ, ಎಲ್ಲ ಕಡೆ ಬಡಿದುಕೊಂಡೇ ಹೋಗುತ್ತದೆ. ಆದರೂ ಹಳೇ ಅಭ್ಯಾಸ, ನಾನು ಜಗಲಿಯ ಕಂಬ ಹಿಡಿದು ಎದ್ದು ಕೈ ಬೀಸಿದೆ. ನಮ್ಮ ಗೇಟಿನ ಹತ್ತಿರ ಬರುವಾಗ ಆ ಸ್ವರ ಪಟ್ ಅಂತ ನಿಂತಿತು. ಕನೆಕ್ಷನ್ ಲೂಸ್ ಇರಬೇಕು. ನಾನು ಬೀಸುತ್ತಲೇ ಇದ್ದೆ.

"ಅಜ್ಜೀ…" ಅಂದಳು ಹುಡುಗಿ. ಅವಳು ಆಟೋವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. "ಆಟೋ ಆಗ್ಲೇ ಮುಂದೆ ಹೋಯ್ತು. ನೀವು ಯಾರಿಗೆ ಕೈ ಬೀಸ್ತಾ ಇದ್ದೀರಿ?"

ಎರಡು ತಿಂಗಳಿಂದ ನನ್ನ ಕಣ್ಣೆದುರೂ ಒಂದು ಮಂಜು ಉಂಟು, ವಯಸ್ಸಾಯಿತಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದಳು. ನಾಳೆಯೇ ಪುತ್ತೂರಿಗೆ, ಡಾಕ್ಟರಲ್ಲಿಗೆ ಹೋಗುವ ಅಂದಳು. ಸರಿ ಅಂದೆ. ಅವಳು ಪಾಸಾದಳು. ಆ ದಿನ ವಿಟ್ಲದ ರಸ್ತೆಯಲ್ಲಿ ಮಾಷ್ಟ್ರ ಕಡೆ ಯಾರಾದರೂ ಹೀಗೆ ಒಮ್ಮೆ ತಿರುಗಿ ನೋಡಿದ್ದರೆ… ಜೀಪಿನಲ್ಲಿ ಅವರ ಪಕ್ಕ ಇದ್ದದ್ದು ನಾನೊಬ್ಬಳೇ.