ಹುಳು ಹಣ್ಣಾಗುವ ವಾರ

1988ರಲ್ಲಿ, ಏಳನೇ ತರಗತಿಗೆ ಶಾಲೆ ಬಿಟ್ಟೆ. ಅಲ್ಲಿಂದಾಚೆಗೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು, ಇವೇ ನನ್ನ ವಿದ್ಯೆ. ನಾನು ಬೆಳೆದ ರೇಷ್ಮೆಗೂಡನ್ನು ಯಾರೂ ಹೀಗಳೆದದ್ದಿಲ್ಲ. ಬಾಯಿ ಕ್ಯಾನ್ಸರಾಗಿ ನಾಲಿಗೆಯ ಒಂದು ಪಕ್ಕ ತೆಗೆದ ಮೇಲೂ ಸೊಪ್ಪು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಮಾತು ಮಾತ್ರ ತೊದಲಿತು.

ವಾಸಿಯಾಗಿ ನಾಲ್ಕು ವರ್ಷವಾದ ಮೇಲೆ ಆಸ್ಪತ್ರೆಯವರೇ ಕರೆದು, ಹೊಸ ಔಷಧಿಗಳ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ರೋಗಿಗಳ ಪರವಾಗಿ ಕೂರಿಸಿದರು. ಮೊದಮೊದಲು ನಾನು ಬಾಯಿ ಬಿಡಲೇ ಇಲ್ಲ. ಓದಿದವರ ನಡುವೆ ತೊದಲುವುದಕ್ಕಿಂತ ತಲೆಯಾಡಿಸುವುದೇ ಮರ್ಯಾದೆ ಅನ್ನಿಸುತ್ತಿತ್ತು. ಹಾಗೆ ಸರಿಯಾಗಿ ಓದದೆ ತಲೆಯಾಡಿಸಿದ, ಒಂದು ಹೊಸ ಮಾತ್ರೆಯ ಕಾಗದದಲ್ಲಿ, ರೋಗಿ ಮೂರು ವಾರಕ್ಕೊಮ್ಮೆ ಹೇಳಿದ ದಿನವೇ ಬರಬೇಕು, ಎರಡು ಸಲ ತಪ್ಪಿದರೆ ಮಾತ್ರೆ ನಿಲ್ಲಿಸಲಾಗುವುದು ಎಂದಿತ್ತು.

ಆ ಮಾತ್ರೆಯಿಂದ ವಕ್ಕಲೇರಿ ಕಡೆಯ, ನಮ್ಮ ಹಾಗೇ ಹುಳು ಸಾಕುವ ಒಬ್ಬ ಹೆಣ್ಣುಮಗಳ ಗಡ್ಡೆ ಕರಗುತ್ತಿತ್ತು. ಒಂದು ಸಲ ಆಗಲೇ ತಪ್ಪಿಸಿದ್ದಳು. ಮುಂದಿನ ದಿನ ಬಂದದ್ದು ಹುಳು ಹಣ್ಣಾಗುವ ವಾರಕ್ಕೆ. ಆಗ ಹುಳು ಸೊಪ್ಪು ತಿನ್ನುವುದು ಬಿಟ್ಟು ನೂಲು ಬಿಡಲು ಅಣಿಯಾಗುತ್ತದೆ; ಮನೆಮಂದಿಯೆಲ್ಲ ಕೂತು ಹುಳು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಆಸ್ಪತ್ರೆಗೆ ಹೋಗಿ ಬಂದವರನ್ನು ನಮ್ಮಲ್ಲಿ ಹುಳುಮನೆಯೊಳಕ್ಕೆ ಬಿಡುವುದಿಲ್ಲ. ಔಷಧಿ ವಾಸನೆ ಹುಳಕ್ಕಾಗದು.

ಅವಳ ಹುಳುಮನೆ ಬಾಗಿಲಲ್ಲಿ ನಿಂತು, ಹೇಗಾದರೂ ಹೋಗಿ ಬಾ ಎಂದು ಹೇಳಿದೆ. ಸೊಪ್ಪು ಹಾಕುತ್ತಲೇ ಅಂದಳು: "ಆಸ್ಪತ್ರೆಯೋರಿಗೆ ನಮ್ಮ ಹುಳ ಗೊತ್ತಿಲ್ಲ, ಸರಿ. ನಿಂಗೂ ಗೊತ್ತಿಲ್ವೇನಣ್ಣ? ಆ ಸಭೆಗೆ ಬರೀ ಕಾಫಿ ಕುಡಿಯಕ್ಕೆ ಹೋಗ್ತೀಯಾ?"

ಅವಳ ದಿನಕ್ಕೆ ಎರಡು ದಿನ ಮುಂಚೆ ಸಭೆಯಿತ್ತು. ಕೈ ಎತ್ತಿದೆ. ಆ ಕಾಗದ ನಾನು ಓದಿರಲಿಲ್ಲ ಎಂಬುದರಿಂದ ಶುರುಮಾಡಿ ಎಲ್ಲ ಹೇಳಿದೆ. ಅಧ್ಯಕ್ಷರಾದ ಡಾಕ್ಟರಮ್ಮ ನನ್ನ ತೊದಲು ಅರ್ಥವಾಗದೆ ಎರಡು ಸಲ ಮತ್ತೆ ಹೇಳಿಸಿದರು. ಕೊನೆಗೆ ಕೇಳಿದರು: "ಎಷ್ಟು ದಿನ ಬೇಕು ನಿಮ್ಮವರಿಗೆ?"

"ಐದು ದಿನ ಮೇಡಂ. ಹುಳ ನಾವು ಹೇಳ್ದಂಗೆ ಕೇಳಲ್ಲ."

ಸಂಶೋಧನೆಯ ಡಾಕ್ಟರು ಬಹಳ ಹೊತ್ತು ಲೆಕ್ಕ ಹಾಕಿ, ಆಗಬಹುದು ಅಂದರು. ಹೇಳಿದ ದಿನದಿಂದ ಐದು ದಿನದೊಳಗೆ ಬಂದರೆ ಸಾಕು ಎಂದು ನಿಯಮ ತಿದ್ದಿದರು.

ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಐದು ದಿನದಲ್ಲಿ ಗಡ್ಡೆ ಬೆಳೆದರೆ? ಕೇಳಿದವನು ನಾನು. ಅವಳು ನಾಲ್ಕನೆಯ ದಿನ ಹೋದಳು. ಸಂಜೆ ಫೋನು ಮಾಡಿ, ಗಡ್ಡೆ ಬೆಳೆದಿಲ್ಲವಂತೆ, ಮಾತ್ರೆ ಕೊಟ್ಟರು ಅಂದಳು. ಇನ್ನು ಮೂರು ವಾರಕ್ಕೆ ಮತ್ತೆ ಪರೀಕ್ಷೆ.

ಈಗ ನನ್ನ ಹತ್ತಿರ ಇರುವುದು ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ಓದಿ ಮುಗಿಸಬೇಕಾದ ಸಮಿತಿಯ ಮೂರು ಕಡತ, ಅವಳದೂ ಸೇರಿ ಹದಿನೇಳು ರೋಗಿಗಳ ಫೋನ್ ನಂಬರು.