ಕೂದಲು ತಿಂದ ನಿಂಬೆಗಿಡ

ಸೊಲ್ಲಾಪುರ ರಸ್ತೆಯಲ್ಲಿ ನನಗೆ ಕ್ಷೌರ ಮಾಡುತ್ತಿದ್ದವರು ಕತ್ತರಿಸಿದ ಕೂದಲನ್ನು ಕಸದ ಗಾಡಿಗೆ ಹಾಕುತ್ತಿರಲಿಲ್ಲ. ಚೀಲ ತುಂಬಿದೊಡನೆ ತೊರವಿಯ ತಮ್ಮ ಮನೆಗೆ ಒಯ್ದು, ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಸಗಣಿಯೊಂದಿಗೆ ಹೂಳುತ್ತಿದ್ದರು. ತಲೆ ಬೋಳಾಗುತ್ತಿದೆ ಎಂದು ನಾನು ಗೊಣಗಿದರೆ, "ಎಲ್ಲೂ ಹೋಗಂಗಿಲ್ಲರಿ ಸರ, ತಿರುಗಿ ಬರತೈತಿ" ಎಂದು, ಎಲ್ಲ ಗಿರಾಕಿಗಳಿಗೂ ಕೊಡುವಂತೆ, ಆ ಗಿಡದ ಒಂದು ನಿಂಬೆಹಣ್ಣು ಕೈಗಿಡುತ್ತಿದ್ದರು. ಸಾರಜನಕದ ಚಕ್ರವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬಾಣ ಹಾಕಿ ಕಲಿಸುವ ನಾನು ಅದನ್ನು ಕೈಯಲ್ಲಿ ಹಿಡಿದದ್ದು ಅಲ್ಲಿಯೇ.

ಒಮ್ಮೆ ನಿಡೋಣಿಯ ರೈತನೊಬ್ಬ ಅರ್ಧ ಕ್ಷೌರವಾಗಿದ್ದಾಗ ಈ ಸಂಗತಿ ಕೇಳಿ, ಹಿಂದಿನ ತಿಂಗಳು ತಾನು ತಿಂದ ಹಣ್ಣನ್ನು ನೆನೆದು ಕೆಂಡವಾದ. "ಮಂದಿ ಕೂದಲಾ ತಿನಿಸಿದೇನಲೇ?" ಎಂದು ಎದ್ದೇಬಿಟ್ಟ.

ಕ್ಷೌರದವರು ಕತ್ತರಿ ಕೆಳಗಿಡಲಿಲ್ಲ. "ಜ್ವಾಳದ ಹೊಲಕ್ಕ ಸಗಣಿ ಹಾಕ್ತೀರಿ, ರೊಟ್ಟಿ ತಿನ್ನೂದ ಬಿಡ್ತೀರೇನ್ರಿ? ಕುಂದರ್ರಿ ಯಪ್ಪಾ, ಇನ್ನೊಂದ ಬಾಜೂ ಉಳದೈತಿ."

ಕನ್ನಡಿಯಲ್ಲಿ ತನ್ನ ಅರ್ಧ ತಲೆ ನೋಡಿಕೊಂಡು ರೈತ ಕುಳಿತ. ಕೊಟ್ಟ ಹಣ್ಣು ಮಾತ್ರ ಮುಟ್ಟದೆ ಹೋದ.

ಮರುತಿಂಗಳು ಅವನು ಬಂದಾಗ ನಾನೂ ಅಲ್ಲಿದ್ದೆ. ಕ್ಷೌರದವರು ಹಣ್ಣಿನ ಮಾತೇ ಎತ್ತಲಿಲ್ಲ. ಕ್ಷೌರ ಮುಗಿಯಿತು. ನೆಲಕ್ಕೆ ಬಿದ್ದ ತನ್ನ ನರೆಗೂದಲನ್ನು ಒಂದು ಗಳಿಗೆ ನೋಡಿ, ರೈತ ಕೈ ಚಾಚಿದ.

"ನನ್ನ ಪಾಲಿನ ಹಣ್ಣ ಎಲ್ಲೈತಪಾ?"