ಮೋಶಿಯ ಹಿತ್ತಿಲಲ್ಲಿ ರಾಗಿ

ಆ ಕಾಲದಲ್ಲಿ ಹುಣಸೂರಿನಿಂದ ಮೈಸೂರಿಗೆ ಹೋಗಿಬಂದವರೇ ವಾರಗಟ್ಟಲೆ ಅದರ ಸುದ್ದಿ ಹೇಳುತ್ತಿದ್ದರು. ಅಂಥದ್ದರಲ್ಲಿ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿದ್ದ ನಮ್ಮ ಅಪ್ಪ, ಅದೇ ಕೆಲಸ ಹಿಡಿದು ಆಫ್ರಿಕಾಕ್ಕೆ ಹೊರಟುಬಿಟ್ಟ, ನನ್ನನ್ನೂ ಅವ್ವನನ್ನೂ ಕಟ್ಟಿಕೊಂಡು. ಐವತ್ತರ ದಶಕ, ನನಗೆ ಒಂಬತ್ತು ವರ್ಷ. ಬೊಂಬಾಯಿಯಿಂದ ಹಡಗು, ಆಮೇಲೆ ರೈಲು, ಕೊನೆಗೆ ಕಿಲಿಮಂಜಾರೋ ಬೆಟ್ಟದ ಬುಡದ ಮೋಶಿ ಎಂಬ ಊರು. ಬೆಟ್ಟದ ನೆತ್ತಿಯ ಮೇಲೆ ಸುಡುಬಿಸಿಲಲ್ಲೂ ಹಿಮ. ಅವ್ವ ಅದನ್ನು ಒಂದು ಸಲ ತಲೆಯೆತ್ತಿ ನೋಡಿ, "ಚೆಂದಾಗದೆ ಬುಡು. ಇಲ್ಲಿ ರಾಗಿ ಎಲ್ಲಿ ಸಿಕ್ತದೆ?" ಅಂದಳು.

ಮುದ್ದೆಗೆ ನಮ್ಮ ಕಡೆ ಹಿಟ್ಟು ಎಂದೇ ಹೆಸರು. ಅದಿಲ್ಲದ ಊಟ ಅವ್ವನಿಗೆ ಊಟವೇ ಅಲ್ಲ. ತಂದಿದ್ದ ಡಬ್ಬ ಎರಡು ತಿಂಗಳಿಗೆ ಖಾಲಿಯಾಯಿತು. ಆಮೇಲೆ ಅನ್ನದ ಮುಂದೆ ಕೂತು ನಾಲ್ಕು ತುತ್ತು ತಿಂದು ಏಳುವಳು. ರವಿಕೆಯ ತೋಳು ಸಡಿಲವಾಯಿತು. ನನಗೆ ಜಡೆ ಹಾಕುತ್ತ ನಡುವೆಯೇ ಗೋಡೆಗೆ ಒರಗಿಬಿಡುವಳು, ನನಗೆ ಭಯವಾಗುತ್ತಿತ್ತು.

ಒಂದು ಸಂತೆಯ ದಿನ, ದಪ್ಪನೆಯ ಹೆಂಗಸೊಬ್ಬಳ ಬುಟ್ಟಿಯಲ್ಲಿ ರಾಗಿಹಿಟ್ಟು ಕಂಡಿತು! ಅವ್ವ ಚಿಟಿಕೆ ತೆಗೆದು ನಾಲಗೆಗಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮನೆಗೆ ಬಂದವಳೇ ಟ್ರಂಕಿನಿಂದ ಹಿಟ್ಟಿನ ಕೋಲು ತೆಗೆದಳು. ಎಷ್ಟು ತೊಳಸಿದರೂ ಮುದ್ದೆ ನಿಲ್ಲಲಿಲ್ಲ, ತಟ್ಟೆಯ ತುಂಬ ಅಂಬಲಿಯಂತೆ ಹರಡಿಕೊಂಡಿತು. ಮತ್ತೆ ಮಾಡಿದಳು. ಮತ್ತೆ ಅದೇ. "ಅಯ್ಯೋ, ನನ್ ಕೈಯೇ ಕೆಟ್ಟೋಯ್ತಾ?" ಎಂದು ಬಿಕ್ಕಿದಳು.

ಮುಂದಿನ ಸಂತೆಯಲ್ಲಿ ಆ ಹೆಂಗಸಿಗೆ ತಟ್ಟೆ ತೋರಿಸಿ, ಹರಡಿದ್ದನ್ನು ಕೈಯಲ್ಲೇ ವಿವರಿಸಿದಳು. ಅವಳು ಹೊಟ್ಟೆ ಹಿಡಿದು ನಕ್ಕು, ಬಾಲ ಬಂದ ಕಾಳೊಂದನ್ನು ತೋರಿಸಿ, ಬಾಯಿಗೆ ಲೋಟ ಎತ್ತಿದಂತೆ ಮಾಡಿದಳು. ಬಾಳೆಹಣ್ಣಿನ ಹೆಂಡಕ್ಕೆ ಹಾಕಲು ಅವರು ಮೊಳಕೆ ಬರಿಸಿ ಬೀಸಿದ ಹಿಟ್ಟು ಅದು. ಅವ್ವ ತಲೆ ಚಚ್ಚಿಕೊಂಡಳು: "ಮೊಳಕೆ ರಾಗಿ ಕಣ್ಮಗ! ಮಗೀಗೆ ತಿನ್ಸೋ ಸರಿ ಮಾಡೋದಲ್ವಾ ಅದ್ರಲ್ಲಿ? ಮುದ್ದೆ ಎಂಗೆ ನಿಂತದು? ಆಸೇಲಿ ನಂಗೆ ಕಣ್ಣೇ ಕಾಣ್ಲಿಲ್ಲ."

ಮರುದಿನ ಆ ಹೆಂಗಸು ಮೊಳಕೆ ಬಾರದ ರಾಗಿ ತಂದಳು, ತನ್ನ ಅರೆಯುವ ಕಲ್ಲನ್ನೂ ತಲೆಯ ಮೇಲೆ ಹೊತ್ತು ನಮ್ಮ ಹಿತ್ತಿಲಿಗೇ ಬಂದಳು. ಅವ್ವ ಅವಳನ್ನು "ಅಕ್ಕಾ" ಎಂದಳು. ಇಬ್ಬರೂ ಎದುರುಬದುರು ಕೂತು, ಅವರವರ ಭಾಷೆಯಲ್ಲಿ ಅವರವರು ಮಾತಾಡುತ್ತ ಅರೆದರು. ಅಂದು ಉಪ್ಸಾರಿನ ಜೊತೆ ಅವ್ವ ಎರಡು ಮುದ್ದೆ ಉಂಡಳು. ಆ ಅಕ್ಕನಿಗೂ ಒಂದು ಬಡಿಸಿದಳು. ಅವಳು ನುಂಗದೆ ಅಗಿಯತೊಡಗಿದಾಗ ನಾವಿಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು.

ಆಗಲೇ ಸರೋಜಮ್ಮ ಬಂದದ್ದು. ಅಪ್ಪನಿಗೆ ಆ ಕೆಲಸ ಕೊಡಿಸಿದ್ದ ಹೆಡ್‌ಕ್ಲಾರ್ಕಿನ ಹೆಂಡತಿ, ಆ ಊರಿನಲ್ಲಿ ನಮ್ಮನ್ನು ಬಿಟ್ಟರೆ ಕನ್ನಡದ ಮನೆ ಅವರದೊಂದೇ. ಬಾಗಿಲಲ್ಲೇ ನಿಂತು ಮೂಗು ಮುರಿದರು.

"ಏನಮ್ಮಾ ಇದು? ಹೆಂಡ ಮಾಡೋ ಕಾಳನ್ನ ತಿಂತೀರಾ? ಅವಳನ್ನ ಜೊತೇಲಿ ಕೂರಿಸ್ಕೊಂಡು ಬೇರೆ! ದೊರೆಗಳಿಗೆ ಗೊತ್ತಾದ್ರೆ ನಮ್ಮೆಲ್ಲರ ಮರ್ಯಾದೆ ಏನಾಗ್ಬೇಕು?"

ಮೈಸೂರಿನಲ್ಲಿ ಹುಟ್ಟಿ ಬೆಳೆದ ಹೆಂಗಸು! ಮುದ್ದೆಯನ್ನು ಕಣ್ಣಲ್ಲೇ ಕಾಣದವರ ಹಾಗೆ ಆಡಿದರಲ್ಲ! ಈ ವಯಸ್ಸಿನಲ್ಲೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಅವರ ಮೇಲಿನ ಕೋಪ ಒಂದು ತೂಕವಾದರೆ ಅಪ್ಪನ ಮೇಲಿನದು ಹತ್ತು ತೂಕ. ಸಂಜೆ ಬಂದವನು ಟೋಪಿಯನ್ನೂ ತೆಗೆಯದೆ, "ಇನ್ಮೇಲೆ ಈ ಮನೇಲಿ ಹಿಟ್ಟು ಬ್ಯಾಡ. ಆ ಹೆಂಗಸೂ ಬರಕೂಡ್ದು. ಕೆಲ್ಸ ಕೊಡ್ಸಿದೋರು ಅವ್ರು ಕಣೆ" ಎಂದ.

"ನೀವು ಏನುಂಡು ಬೆಳ್ದಿದ್ದು? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವ ಬೇಕಾ ನಿಮ್ಗೆ?" ಎಂದಳು ಅವ್ವ.

ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಸರೋಜಮ್ಮನ ಮನೆಗೆ ಹೋಗಿ, 'ನಾವು ತಿನ್ನೋದೇ ಇದು' ಎಂದು ಹೇಳಿಬರುತ್ತಾನೆಂದು ಕಾದೆ. ಹೋಗಲಿಲ್ಲ. ಭಾನುವಾರ ಆ ಅಕ್ಕ ಕಲ್ಲು ಹೊತ್ತು ಬಂದಾಗ, ಅಂಗಳದಲ್ಲಿ ಅಡ್ಡ ನಿಂತು ಕೈಬೀಸಿ ಕಳಿಸಿದವನೂ ಅವನೇ. ಅವಳು ಅಡುಗೆಮನೆಯ ಕಡೆ ನೋಡಿದಳು. ಅವ್ವ ಹೊರಗೆ ಬರಲಿಲ್ಲ.

ಆಮೇಲೆ ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಅವ್ವ ಕದ್ದುಮುಚ್ಚಿ ತಂದ ರಾಗಿಯಲ್ಲಿ ಒಂದು ಸಣ್ಣ ಮುದ್ದೆ. ಅಡುಗೆಮನೆಯ ಬಾಗಿಲು ಹಾಕಿ, ನಿಂತುಕೊಂಡೇ ನುಂಗುವಳು. "ಯಾರಾರ ಬತ್ತಾರಾ ನೋಡ್ತಿರು ಕಣ್ಮಗ" ಎಂದು ನನ್ನನ್ನು ಕಿಟಕಿಗೆ ನಿಲ್ಲಿಸುವಳು. ಹೆತ್ತವಳ ತುತ್ತಿಗೆ ಕಾವಲು ಕಾಯುವ ಕೆಲಸ ಯಾವ ಮಗುವಿಗೂ ಬರಬಾರದು.

ಮೂರು ವರ್ಷಕ್ಕೆ ಹುಣಸೂರಿಗೆ ಮರಳಿದೆವು. ಅಪ್ಪ ನಡುಮನೆಯಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಮುದ್ದೆ ಮುರಿಯತೊಡಗಿದ. ಈಗಂತೂ ಮೈಸೂರಿನ ದೊಡ್ಡ ಹೋಟೆಲುಗಳಲ್ಲಿ ಮುದ್ದೆಯನ್ನು ಬೆಳ್ಳಿಯಂಥ ತಟ್ಟೆಯಲ್ಲಿಟ್ಟು ಕೊಡುತ್ತಾರೆ, ಜನ ಫೋಟೋ ತೆಗೆದು ಉಣ್ಣುತ್ತಾರೆ. ಕಲ್ಲು ಹೊತ್ತು ಬಂದವಳ ಹೆಸರನ್ನು ಮಾತ್ರ ನಾವು ಕೇಳಿಯೇ ಇರಲಿಲ್ಲ.

ಅವ್ವ ಮುದುಕಿಯಾದ ಮೇಲೆ, ಅಪ್ಪನೂ ಹೋದ ಮೇಲೆ, ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳ ಪಕ್ಕ ಉಣ್ಣಲು ಕೂತಾಗ ತಡೆಯಲಾರದೆ ಕೇಳಿದೆ: "ನಿನ್ನ ಮನೇಲಿ ನೀನು ಹಿಟ್ಟು ಉಣ್ಣೋಕೆ ಇವತ್ತಿಗೂ ಬಾಗ್ಲು ಯಾಕೆ ಹಾಕ್ಕೋತೀಯವ್ವ?"

ಅವ್ವ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಮುಚ್ಚಿದ ಬಾಗಿಲನ್ನು ನೋಡಿದಳು.

"ನಾನು ಹಾಕಿದ್ನಾ? ಗೊತ್ತೇ ಆಗಲ್ಲ ಕಣ್ಮಗ."